ಬಾಯಿಬಿಟ್ಟು ಹೇಳಿದವನು

“ನೀವು ಕಿವಿಯಾರೆ ಕೇಳಿದ್ರಾ, ಅಮ್ಮ?” ಪ್ರಿಯಾಂಕ ಗಂಗರತ್ನಮ್ಮನನ್ನು ಎರಡನೇ ಸಲ ಕೇಳಿದಳು. ವ್ಯಾಪಾರಿಗಳು ಒಳಗೊಳಗೇ ಮಾತಾಡಿಕೊಂಡು ಬೆಲೆ ಕಟ್ಟುವುದನ್ನು ತಡೆಯುವ ಸರ್ಕಾರಿ ಇಲಾಖೆಯ ಅಧಿಕಾರಿ ಅವಳು. ಸಂತೆಮಾಳದ ಪಕ್ಕದ ಕೋಣೆಯಲ್ಲಿ ಬೆಳಗಿನಿಂದ ಕುರಿ ಸಾಕುವವರ ಹೇಳಿಕೆ ಪಡೆಯುತ್ತಿದ್ದಳು. ಬರೆಯುವಂಥದ್ದೇನೂ ಇನ್ನೂ ಸಿಕ್ಕಿರಲಿಲ್ಲ.

ದಲ್ಲಾಳಿಗಳೆಲ್ಲ ಸೇರಿ ಒಂದು ಬೆಲೆ ಗೊತ್ತುಮಾಡಿಕೊಂಡು, ಅದರ ಮೇಲೆ ಯಾರೂ ಏರುವುದಿಲ್ಲವೆಂಬುದು ಸಂತೆಗೆಲ್ಲ ಗೊತ್ತಿದ್ದ ಸಂಗತಿ. ಆದರೆ ಇಲ್ಲಿ ಬೆಲೆಯನ್ನು ಬಾಯಲ್ಲಿ ಆಡುವ ರೂಢಿಯೇ ಇಲ್ಲ. ಟವಲ್ಲಿನ ಕೆಳಗೆ ಕೈ ಹಿಡಿದು ಬೆರಳು ಅದುಮುತ್ತಾರೆ, ಅಷ್ಟೆ. “ಬೆಳ್ಳು ಮುಟ್ಟಿದ್ದುಕ್ಕೆ ಏನಂತ ಸಾಕ್ಷಿ ಹೇಳ್ಲಿ ತಾಯಿ?” ಎಂದು ಮುದುಕ ಕದರಪ್ಪನೂ ಎದ್ದು ಹೋಗಿದ್ದ.

ಉಳಿದವಳು ಗಂಗರತ್ನಮ್ಮ. ಗಂಡ ಸತ್ತ ಮೇಲೆ ಬುಕ್ಕಾಪಟ್ಟಣದ ಕಡೆಯ ಕುರುಚಲು ಕಾಡಿನಲ್ಲಿ ಕುರಿ ಮೇಯಿಸಿಕೊಂಡು ಬದುಕಿದವಳು. ಸಂತೆಯಲ್ಲಿ ಹೆಂಗಸಿನ ಕೈಯನ್ನು ಯಾರೂ ಹಿಡಿಯುವುದಿಲ್ಲ. ಹಾಗಾಗಿ ಅವಳೊಬ್ಬಳಿಗೆ ಮಾತ್ರ ದಲ್ಲಾಳಿ ಮುತ್ತುರಾಜು ಬೆಲೆಯನ್ನು ಬಾಯಿಬಿಟ್ಟು ಹೇಳುತ್ತಿದ್ದ. ಅವನು ಅವಳ ಗಂಡನ ಗೆಳೆಯ. ಅವಳ ಕುರಿ ಒಂದು ದಿನವೂ ಬಿಕರಿಯಾಗದೆ ಉಳಿಯದಂತೆ ನೋಡಿಕೊಂಡವನು. ಯುಗಾದಿಯ ಮುಂಚೆ, ಹೊತ್ತು ನೆತ್ತಿಗೇರಿದರೂ ಟಗರು ಹಿಡಿದು ಹೆಚ್ಚಿನ ಬೆಲೆಗೆ ಕಾಯುತ್ತ ನಿಂತಿದ್ದ ಅವಳ ಹತ್ತಿರ ಬಂದು, “ಸುಮ್ಕೆ ಬಿಸ್ಲಲ್ಲಿ ನಿಲ್ಬ್ಯಾಡ ಕಣಕ್ಕ. ಏಳು ಸಾವ್ರದ ಮ್ಯಾಲೆ ಯಾರೂ ಏರಲ್ಲ, ನಾವೆಲ್ಲ ಮಾತಾಡ್ಕಂಡ್ಬುಟ್ಟಿದೀವಿ. ಕೊಟ್ಟು ಮನೆಗೋಗು,” ಎಂದಿದ್ದ.

ಕರುಣೆಯಿಂದ ಆಡಿದ ಮಾತು. ಇಡೀ ಸಂತೆಯಲ್ಲಿ ಕಾನೂನಿನ ಕೈಗೆ ಸಿಗುವ ಮಾತೂ ಅದೊಂದೇ. ಮುಚ್ಚಿಟ್ಟರೆ ಕದರಪ್ಪನಂಥವರ ಕುರಿಗಳು ಮುಂದೆಯೂ ಹೀಗೇ ಅಗ್ಗಕ್ಕೆ ಹೋಗುತ್ತವೆ. ಹೇಳಿದರೆ ಉಂಡ ಮನೆಗೆ ಎರಡು ಬಗೆದಂತೆ.

“ಕೇಳ್ದೆ ಕಣಮ್ಮ,” ಎಂದಳು ಕೊನೆಗೆ. ಹೆಸರನ್ನೂ ಹೇಳಿದಳು. “ಅವ್ನು ಒಳ್ಳೇನು. ಅದ್ನೂ ಬರ್ಕೊ.”

“ಅದು ಹೇಳಿಕೆಗೆ ಬೇಕಾಗಲ್ಲಮ್ಮ.”

“ನಂಗೆ ಬೇಕು. ಬರೀದಿದ್ರೆ ಹೆಬ್ಬೆಟ್ಟು ಒತ್ತಲ್ಲ.”

ಪ್ರಿಯಾಂಕ ಅದನ್ನೂ ಬರೆದಳು. ಗಂಗರತ್ನಮ್ಮ ಹೆಬ್ಬೆಟ್ಟು ಒತ್ತಿದಳು.

ವಿಚಾರಣೆ ನಡೆದು ದಲ್ಲಾಳಿಗಳಿಗೆಲ್ಲ ದಂಡ ಬಿತ್ತು, ಮುತ್ತುರಾಜುವಿಗೂ. ಯಾರ ಮಾತಿನಿಂದ ಎಂಬುದು ಅವರಿಗೆ ತಿಳಿಯಲು ತಡವಾಗಲಿಲ್ಲ. ಸಂತೆಯಲ್ಲಿ ಬೆಲೆ ಏರಿತು. ಕದರಪ್ಪ ದಾರಿಯಲ್ಲಿ ಸಿಕ್ಕಿ ಅವಳಿಗೆ ಕೈ ಮುಗಿದ. ಅವಳಿಗೆ ಆ ನಮಸ್ಕಾರ ಬೇಡವಾಗಿತ್ತು.

ದಸರೆ ಹೊತ್ತಿಗೆ ಅವಳು ಒಂದು ಟಗರು ಹಿಡಿದುಕೊಂಡು ಸಂತೆಗೆ ಬಂದಳು. ಯಾರೂ ಹತ್ತಿರ ಸುಳಿಯಲಿಲ್ಲ. ಬಿಸಿಲೇರಿದ ಮೇಲೆ ಮುತ್ತುರಾಜು ಬಂದ.

“ಚೆನ್ನಾಗಿದೀಯೇನಪ್ಪ?” ಎಂದಳು.

ಅವನು ಟಗರಿನ ಬೆನ್ನು ಅದುಮಿ ನೋಡಿದ. ಹೆಗಲ ಮೇಲಿನ ಟವಲು ತೆಗೆದು, ಬಲಗೈ ಮೇಲೆ ಹಾಸಿಕೊಂಡು, ಆ ಕೈಯನ್ನು ಅವಳ ಮುಂದೆ ಚಾಚಿದ. ಸುತ್ತಲಿದ್ದ ಗಂಡಸರೆಲ್ಲ ತಿರುಗಿ ನೋಡಿದರು.

ಗಂಗರತ್ನಮ್ಮ ಸೆರಗಿಗೆ ಕೈ ಒರೆಸಿಕೊಂಡು ಟವಲ್ಲಿನ ಕೆಳಗೆ ಇಟ್ಟಳು. ಅವನ ಅಂಗೈ ಬೆವೆತಿತ್ತು. ಒಮ್ಮೆ ಐದೂ ಬೆರಳನ್ನು ಹಿಡಿದ, ಬಿಟ್ಟು ಮತ್ತೆ ನಾಲ್ಕು. ಒಂಬತ್ತು ಸಾವಿರ. ನ್ಯಾಯವಾದ ಬೆಲೆ.

ಅವಳು ಒಪ್ಪಿ ತಲೆಯಾಡಿಸಿದಳು. ಆದರೆ ಕೈ ತೆಗೆಯಲಿಲ್ಲ. ಮೊದಲಿನಂತೆ ಬಾಯಿಬಿಟ್ಟು ‘ಅಕ್ಕ’ ಎಂದಾನೆಂದು ಕಾದಳು.

ಮುತ್ತುರಾಜು ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು, ಟಗರಿನ ಹಗ್ಗ ಬಿಚ್ಚತೊಡಗಿದ. ಅವಳ ಕೈ ಬಿಸಿಲಲ್ಲಿ ಹಾಗೇ ಚಾಚಿಕೊಂಡಿತ್ತು.