ಎಡಗಣ್ಣು ಹೊಡೆಯುವ ಕಾರು

ಹೊಡೀತು, ಈಗ ನಿಜವಾಗಿಯೂ ಕಣ್ಣು ಹೊಡೀತು, ಶೆಡ್ಡಿನ ಸುಣ್ಣದ ಗೋಡೆಯ ಮೇಲೆ ಬಿದ್ದಿದ್ದ ಕಾರಿನ ದೀಪಗಳ ಎರಡು ದುಂಡು ಬೆಳಕು ಕೀ ತಿರುಗಿಸಿದ ಕೂಡಲೇ ಮಂಕಾಗಿ, ಪಟಪಟ ರೆಪ್ಪೆ ಬಡಿದು, ಎಂಜಿನ್ ಹತ್ತಿದ ಮೇಲೆ ಮತ್ತೆ ಅರಳಿದವು, ಹಾಗಾದರೆ ಅಕ್ಕ ಕಟ್ಟುಕಥೆ ಹೇಳಿಲ್ಲ — ಅವನಿಗೆ ಕುಣಿಯುವಷ್ಟು ಖುಷಿ, ಕೆಟ್ಟದ್ದು ಸಿಕ್ಕಿತೆಂದು ಖುಷಿಪಡುವ ಜಾತಿ ರಿಪೇರಿಯವರದ್ದೊಂದೇ ಇರಬೇಕು, ಮಿಕ್ಸಿ ಫ್ಯಾನು ಬಿಚ್ಚಿ ಬದುಕುವವನು ಅವನು, ಕಾರು ಅವನ ಕಸುಬಲ್ಲ, ಆದರೆ ಹಿಡಿದದ್ದನ್ನು ಬಿಡುವುದಿಲ್ಲವೆಂದು ಅಕ್ಕ ಚಿಕ್ಕಂದಿನಲ್ಲೇ ಇಟ್ಟ ಹೆಸರು ಇಕ್ಕಳ, ಲೋ ಇಕ್ಕಳ, ಇನ್ನೊಂದ್ಸಲ ಸ್ಟಾರ್ಟ್ ಮಾಡ್ಲಾ, ಸ್ಟೀರಿಂಗ್ ಹಿಂದಿನಿಂದ ಅಕ್ಕ, ಮಾಡಕ್ಕ, ಮತ್ತೆ ಹೊಡೀತು, ಈ ವಯಸ್ಸಲ್ಲಿ ನಂಗೆ ಕಣ್ಣು ಹೊಡೆಯೋದು ಇದೊಂದೇ ಕಣೋ, ನಿಮ್ಮ ಭಾವ ಮದುವೆಗೆ ಮುಂಚೇನೂ ಹೊಡೀಲಿಲ್ಲ, ಅದೂ ಎಡಗಣ್ಣು ನೋಡು, ಎಡಗಡೇದು ಮಾತ್ರ — ಎಡಗಡೆಯದು ಮಾತ್ರ? ಅವನಿಗೆ ಕಂಡದ್ದು ಎರಡೂ ಒಟ್ಟಿಗೆ, ಇರಲಿ, ಮಟಮಟ ಮಧ್ಯಾಹ್ನ ಶಟರು ಎಳೆದು ಮಾಡಿಕೊಂಡ ಕತ್ತಲು ಇದು, ಸಂದಿಯಲ್ಲಿ ಬಿಸಿಲು ನುಗ್ಗುತ್ತಿದೆ, ಯಾರಿಗೆ ಏನು ಕಂಡಿತೋ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಊಟದ ತಟ್ಟೆಯಿಂದ ತಲೆಯೆತ್ತದೆ ಹೇಳಿದ್ದರು ಭಾವ, ಕಣ್ಣು ತೋರಿಸ್ಕೊಳ್ಳೇ ಅಂದ್ರೆ ಕಾರಿನ ಮೇಲೆ ಹಾಕ್ತಾಳೆ, ಅಕ್ಕ ಕಲಿಸುವ ಡ್ರೈವಿಂಗ್ ಸ್ಕೂಲಿನ ಯಜಮಾನರದ್ದೂ ಅದೇ ರಾಗ, ದೀಪದ್ದೇ ತಪ್ಪಾದರೆ ರಿಪೇರಿ ಮಾಡಿಸಿ ಮೇಡಂ, ಅಲ್ಲದಿದ್ದರೆ ಕೀ ಕೊಟ್ಟುಬಿಡಿ, ಪಕ್ಕದಲ್ಲಿ ಕಲಿಯೋರು ಕೂತಿರ್ತಾರೆ — ಕೀ ಕೊಟ್ಟು ಅಕ್ಕ ಏನು ಮಾಡುತ್ತಾಳೆ, ಅರ್ಧ ಊರಿಗೆ ಕ್ಲಚ್ಚು ಬಿಡುವುದನ್ನು ಕಲಿಸಿದವಳು, ಬಸ್ಸಿನಲ್ಲಿ ಕೂತರೂ ಕಾಲು ಬ್ರೇಕು ಹುಡುಕುವವಳು, ನಾನು ಕುಣೀತೀನಿ, ನೀನು ನೆಲ ನೋಡು ಅಂತ ಕಾರನ್ನೇ ತಂದು ಇವನ ಶೆಡ್ಡಿಗೆ ತುಂಬಿದ್ದಾಳೆ.

ಬ್ಯಾಟರಿಯೇ ಇರಬೇಕು ಅಂದುಕೊಂಡಿದ್ದ, ಸ್ಟಾರ್ಟರ್ ಮೋಟರ್ ಅಂದರೆ ಬಕಾಸುರ, ಅದು ಉಣ್ಣುವ ಹೊತ್ತಿಗೆ ದೀಪಕ್ಕೆ ಅರೆಹೊಟ್ಟೆ, ಆದರೆ ಬಾನೆಟ್ಟೆತ್ತಿ ಮೀಟರ್ ಹಚ್ಚಿದರೆ ಬ್ಯಾಟರಿ ಸ್ಟಾರ್ಟಾಗುವಾಗಲೂ ಗಟ್ಟಿ, ಟರ್ಮಿನಲ್ಲೂ ಬಿಗಿ, ಮತ್ತೆಲ್ಲಿ, ಎಲ್ಲಿ, ಹೋದ ಕರೆಂಟು ವಾಪಸು ಮನೆಗೆ ಬರಬೇಕಲ್ಲ, ಹೋಗುವ ದಾರಿಯನ್ನು ಎಲ್ಲರೂ ನೋಡುತ್ತಾರೆ, ಬರುವ ದಾರಿಯನ್ನು ಯಾರೂ ನೋಡುವುದಿಲ್ಲ, ಅರ್ಥಿಂಗ್ ವೈರು — ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ಬಾಡಿಯ ಬರಿಯ ಕಬ್ಬಿಣಕ್ಕೆ, ಮಾಡಕ್ಕ, ಸೊನ್ನೆಯ ಹತ್ತಿರ ತೆಪ್ಪಗೆ ಕೂತಿರಬೇಕಾದ ಅಂಕಿ ಚಂಗನೆ ಜಿಗಿಯಿತು, ಸಿಕ್ಕಿದೆಯಲ್ಲೋ ಕಳ್ಳ, ಬೋಲ್ಟು ಬಿಚ್ಚಿದ, ಕೆಳಗೆ ಹಳದಿ, ತುಕ್ಕಲ್ಲ, ಬಣ್ಣ, ಸ್ಕೂಲಿನ ಹೊಸ ಹಳದಿ, ಬಣ್ಣ ಹೊಡೆದ ಪುಣ್ಯಾತ್ಮ ವೈರು ಕಳಚಿ, ಅದು ಕೂರುವ ಜಾಗಕ್ಕೂ ಶ್ರದ್ಧೆಯಿಂದ ಬಳಿದು, ಒಣಗಿದ ಮೇಲೆ ಅದರ ಮೇಲೇ ಬಿಗಿದಿದ್ದಾನೆ, ಬೋಲ್ಟಿನ ಮರೆಯಲ್ಲಿ ಕರೆಂಟು ಕಷ್ಟಪಟ್ಟು ನುಸುಳುತ್ತಿತ್ತು ಅಷ್ಟೆ, ಚಂದ ಮಾಡಲು ಹೋಗಿ ಕೆಡಿಸುವುದು ಅಂದರೆ ಇದೇ, ಅಕ್ಕ ಇಳಿದು ಬಂದು ಬಗ್ಗಿ ನೋಡಿದಳು, ಕತ್ತನ್ನು ಕೋಳಿಯ ಹಾಗೆ ಒಂದು ಬದಿಗೆ ತಿರುಗಿಸಿ, ಮೊದಲು ಹೀಗೆ ನೋಡುತ್ತಿದ್ದಳೇ, ನೋಡ್ದಾ, ನೆಲ ಡೊಂಕೇ ಇತ್ತು ಅಂತ ನಿಮ್ಮ ಭಾವಂಗೆ ಹೇಳು, ಅವಳ ಕೈ ಇವನ ಬೆನ್ನ ಮೇಲೆ ದಬ್ಬನೆ ಬಿತ್ತು, ಸೈಕಲ್ಲು ಕಲಿಸುವಾಗ ಹಿಂದಿನಿಂದ ಹಿಡಿದಿದ್ದ ಅದೇ ಕೈ, ಮುಂದೆ ನೋಡೋ, ಚಕ್ರ ನೋಡಬೇಡ. ಅವಳಿಗೆ ಕೀ ಉಳಿಯಿತಲ್ಲ.

ಉಪ್ಪುಕಾಗದ, ಹಳದಿ ಪುಡಿ ಉದುರಿ ಕಬ್ಬಿಣ ಫಳಫಳ, ವೈರು ಕೂರಿಸಿ, ಬೋಲ್ಟು ಬಿಗಿದು, ಮೇಲಿಂದ ಚೂರು ಗ್ರೀಸು, ಬಾನೆಟ್ಟು ಧಡ್ಡನೆ ಮುಚ್ಚಿ, ಈಗ ಮಾಡಕ್ಕ, ಗೋಡೆಯ ಮೇಲೆ ಎರಡು ದುಂಡು ಬೆಳಕು, ಕೀ ತಿರುಗಿತು, ಒಂದು ಕೂದಲೆಳೆಯಷ್ಟು ಮಂಕು, ಅದು ಎಲ್ಲ ಕಾರಿಗೂ ಇದ್ದದ್ದೇ, ಎಂಜಿನ್ ಹತ್ತಿತು, ಬೆಳಕು ಕಲ್ಲಿನಂತೆ ನಿಂತಿತು, ಹೇಗಿದೆ — ಹೊಡೀತಾ ಇದೆಯಲ್ಲೋ, ಈಗ್ಲೂ, ಎಡಗಡೇದು, ಅಲ್ನೋಡು. ನೋಡಿದ. ಗೋಡೆ ನೋಡಿದ, ದೀಪಕ್ಕೇ ಕಣ್ಣಿಟ್ಟು ನೋಡಿದ, ಬಲ್ಬುಗಳನ್ನು ಅದಲುಬದಲು ಮಾಡಿದ, ಆಗಲೂ ಎಡಗಡೇದೇ ಅಂದಳು, ಬಲ್ಬು ಬದಲಾದರೂ ಜಾಗ ಬದಲಾಗದ ತೊಂದರೆ ಎಲ್ಲಿರುತ್ತದೆ, ಎರಡಿದ್ದರೆ ಒಂದನ್ನು ಕಳಚಿ ನೋಡು, ಮಿಕ್ಸಿ ಕಲಿಸಿದ ಪಾಠ, ಯಾವ ಎರಡು, ಅವನ ಬಾಯಿ ಅವನಿಗಿಂತ ಮೊದಲೇ ಹೇಳಿಬಿಟ್ಟಿತು, ಅಕ್ಕ, ಎಡಗಣ್ಣು ಮುಚ್ಚಿ ಗೋಡೆ ನೋಡು, ಅದ್ಯಾಕೋ, ಸುಮ್ನೆ, ಮುಚ್ಚಿದೆ, ಎರಡೂ ಚೆನ್ನಾಗಿದಾವೆ ಕಣೋ, ಏನ್ ಮಾಡ್ದೆ, ಸರಿಹೋಯ್ತಲ್ಲ, ಈಗ ಅದನ್ನ ಬಿಟ್ಟು ಬಲಗಣ್ಣು ಮುಚ್ಚಕ್ಕ, ಅವಳ ಅಂಗೈ ಬಲಗಣ್ಣಿಗೆ ಏರಿತು, ಅವಳು ನಕ್ಕಳು, ಲೋ, ತಮಾಷೆ ಮಾಡ್ಬೇಡ, ಎಡಗಡೆ ದೀಪ ಯಾಕೆ ಆರಿಸ್ದೆ — ಆರಿಸಿಲ್ಲ, ಅವನು ಯಾವುದನ್ನೂ ಮುಟ್ಟಿಲ್ಲ, ಎಂಜಿನ್ ಗುರುಗುಡುತ್ತಿದೆ, ಹಾಕೋ ದೀಪ, ಹಾಕು, ಸುಣ್ಣದ ಗೋಡೆ, ರೆಪ್ಪೆ ಬಡಿಯದ ಎರಡು ದುಂಡು ಬೆಳಕು, ಎರಡೂ, ಅವನಿಗೆ ಎರಡೂ ಕಾಣುತ್ತಿವೆ.