ಹಳ್ಳದ ಮೀನಿಗೆ ಮಣ್ಣು

ನಮ್ಮ ಧಾರವಾಡದಲ್ಲಿ ಹೊಸಬರು ಯಾರೇ ಸಿಕ್ಕರೂ, ಚಹಾ ಕುಡಿದು ಕಪ್ಪು ಕೆಳಗಿಡುವುದರೊಳಗೆ "ನೀವು ಯಾರ ಪೈಕಿ?" ಎಂಬ ಮಾತು ಬಂದೇ ಬರುತ್ತದೆ. ನನ್ನ ಉದ್ಯೋಗವೂ ಅದೇ. ನಾನು ಮೀನುಗಳನ್ನು ಕೇಳುತ್ತೇನೆ, ಅವು ಉತ್ತರ ಕೊಡುವುದಿಲ್ಲ, ಅಷ್ಟೇ ವ್ಯತ್ಯಾಸ. ರೆಕ್ಕೆಯ ಕಡ್ಡಿಗಳನ್ನು ಎಣಿಸಬೇಕು, ಮೂತಿಯ ಮೀಸೆ ನೋಡಬೇಕು, ಮೈಮೇಲಿನ ಪಟ್ಟಿ ಹೊಟ್ಟೆಯವರೆಗೂ ಇಳಿಯುತ್ತದೋ ನಡುವೆ ತುಂಡಾಗುತ್ತದೋ ಪರೀಕ್ಷಿಸಬೇಕು. ಇಷ್ಟೆಲ್ಲ ಮಾಡಿ ಇದು ಇಂಥ ಕುಲದ್ದು ಎಂದು ಬರೆದಿಟ್ಟರೆ, ನಾಲ್ಕು ವರ್ಷಕ್ಕೆ ಎಲ್ಲೋ ಕೂತವರು ಆ ಕುಲವನ್ನೇ ಒಡೆದು ಎರಡು ಮಾಡಿರುತ್ತಾರೆ. ನಾನು ಎಂ.ಎಸ್ಸಿ. ಓದುವಾಗ ಒಂದೇ ಹೆಸರಿನ ಕೆಳಗೆ ಬದುಕಿದ್ದ ಲೋಚ್ ಮೀನುಗಳು ಈಗ ಪಾಲಾದ ಅಣ್ಣತಮ್ಮಂದಿರ ಹಾಗೆ ಬೇರೆ ಬೇರೆ ಮನೆ ಮಾಡಿಕೊಂಡಿವೆ. ಅವುಗಳ ಹಿಂದೆ ಹೆಸರು ತಿದ್ದುತ್ತ ತಿದ್ದುತ್ತ ನನಗೆ ಸಾಕಾಗಿ ಹೋಗಿದೆ.

ನಾನು ದಾಕ್ಷಾಯಿಣಿ. ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಅತಿಥಿ ಉಪನ್ಯಾಸಕಿ. ಹದಿನೆಂಟು ವರ್ಷದಿಂದ ಅತಿಥಿ. ಇಷ್ಟು ದಿನ ಜಾಗ ಬಿಡದ ಅತಿಥಿಯನ್ನು ಯಾವ ಮನೆಯವರೂ ಸಹಿಸುತ್ತಿರಲಿಲ್ಲ, ಕಾಲೇಜಿನವರು ಮಾತ್ರ ಸಹಿಸಿಕೊಂಡಿದ್ದಾರೆ. ಲೋಚ್ ಅಂದರೆ ಹರಿಯುವ ನೀರಿನ ತಳದಲ್ಲಿ, ಕಲ್ಲಿನ ಸಂದಿಯಲ್ಲಿ ಅಡಗಿ ಬದುಕುವ ಬೆರಳುದ್ದದ ಮೀಸೆ ಮೀನು. ತಿನ್ನುವವರಿಗೂ ಬೇಡ, ಗಾಜಿನ ತೊಟ್ಟಿಯಲ್ಲಿ ಸಾಕುವವರಿಗೂ ಬೇಡ. ಅಂಥದ್ದಕ್ಕೆ ನಾನೇ ಗಂಟುಬಿದ್ದೆ.

ಅದರಲ್ಲೂ ಒಂದು ಮೀನು. ಕಲಘಟಗಿಯ ಆಚೆ ಕಡಬಗೇರಿ ಹಳ್ಳ ಅಂತ ಇತ್ತು. ಅಲ್ಲಿ ನನಗೆ ಸಿಕ್ಕದ್ದು ಒಂದೇ ಒಂದು. ಅದರ ಬಾಲದ ಬುಡದ ಕಪ್ಪು ಪಟ್ಟಿ ಎರಡಾಗಿ ಸೀಳಿದೆ. ಹಾಗೆ ಸೀಳಿದ ಪಟ್ಟಿ ಇರುವ ಮೀನನ್ನು ಈ ಕಡೆಯ ಯಾವ ಹೊಳೆಯಿಂದಲೂ ಯಾರೂ ವರ್ಣಿಸಿಲ್ಲ. ಇನ್ನೆರಡು ಸಿಗಲಿ ಎಂದು ಮಳೆಗಾಲ ಕಳೆದು ಮತ್ತೆ ಹೋದರೆ, ರಸ್ತೆ ಅಗಲ ಮಾಡುವವರು ಲಾರಿಗಟ್ಟಲೆ ಮಣ್ಣು ಸುರಿದು ಹಳ್ಳವನ್ನೇ ಮುಚ್ಚಿ ಹಾಕಿದ್ದರು. ಹೀಗಾಗಿ ನನ್ನ ಬಾಟಲಿಯಲ್ಲಿದ್ದ ಆ ಮೀನೇ ಮೊದಲನೆಯದು, ಅದೇ ಕೊನೆಯದು. ಹೊಸ ಜಾತಿ ಎಂದು ಸಾಧಿಸಿದವರಿಗೆ ಹೆಸರಿಡುವ ಹಕ್ಕು. ಆದರೆ ಹೆಸರಿಗೆ ಸಾಕ್ಷಿಯಾಗಿ ಆ ಮೀನು ಒಂದು ಮ್ಯೂಸಿಯಮ್ಮಿನ ಕಪಾಟಿನಲ್ಲಿ ಇರಲೇಬೇಕು. ಮೀನಿಲ್ಲದಿದ್ದರೆ ಹೆಸರೂ ಇಲ್ಲ.

ಸಾಧಿಸುವುದಕ್ಕೆ ಹತ್ತು ಹನ್ನೊಂದು ವರ್ಷ ಹಿಡಿಯಿತು. ಮಾರ್ಗದರ್ಶಕರು ನಿವೃತ್ತರಾದರು, ಲೇಖನ ಮೂರು ಕಡೆಯಿಂದ ಹೊಳ್ಳಿ ಬಂತು, ಕಾಲೇಜಿನ ಕಪಾಟಿನ ಜಾಗದಲ್ಲಿ ಕಂಪ್ಯೂಟರ್ ಬಂದವು. ಮೀನನ್ನು ಸಪ್ತಾಪುರದ ನಮ್ಮ ಬಾಡಿಗೆ ಮನೆಗೆ ತಂದೆ.

ಮನೆಯಲ್ಲಿ ನಾನು, ನನ್ನ ಅತ್ತೆ ಚನ್ನಬಸವ್ವ. ಗಂಡ ಗುರುಬಸವನ ನೌಕರಿ ಕಲಬುರ್ಗಿಯಲ್ಲಿ, ತಿಂಗಳಿಗೊಮ್ಮೆ ಬರುತ್ತಾನೆ. ಅತ್ತೆ ಲಿಂಗಪೂಜೆಯಾಗದೆ ಗುಟುಕು ನೀರು ಕುಡಿಯುವವರಲ್ಲ. ಲೋಕದಲ್ಲಿರುವುದನ್ನೆಲ್ಲ ಅವರು ಎರಡೇ ಕುಲ ಮಾಡಿದ್ದಾರೆ, ಅಡುಗೆಮನೆಗೆ ಬರುವಂಥದ್ದು, ಬರಬಾರದ್ದು. ಆ ವರ್ಗೀಕರಣವನ್ನು ಇವತ್ತಿನವರೆಗೂ ಯಾರೂ ತಿದ್ದಿಲ್ಲ. ಮೀನಿನ ಬಾಟಲಿಗೆ ಹಿತ್ತಲ ಪಡಸಾಲೆಯಲ್ಲಿ, ಬಚ್ಚಲಮನೆಯ ಪಕ್ಕದ ಗೋಡೆಯ ಮಾಡದಲ್ಲಿ ಜಾಗ ಕೊಟ್ಟರು. ಅದನ್ನು ಮುಟ್ಟಿದ ದಿನ ನಾನು ಜಳಕ ಮಾಡಿಯೇ ಒಳಗೆ ಬರಬೇಕು. ಬೈಯಲಿಲ್ಲ, ಬೇಡ ಎನ್ನಲೂ ಇಲ್ಲ. ನಾನು ಮಸೂರದ ಮುಂದೆ ಕೂತ ಸಂಜೆಯೆಲ್ಲ ಅವರೇ ರೊಟ್ಟಿ ಬಡಿದು, ನನಗೆ ನೀರು ಕಾಯಿಸಿಟ್ಟು, ಬಾಗಿಲಲ್ಲಿ ನಿಂತು "ಮುಗೀತೇನವಾ?" ಎಂದು ಕೇಳುತ್ತಿದ್ದರು. ಮುಗಿದಿಲ್ಲ ಎನ್ನುತ್ತಿದ್ದೆ. ಇಷ್ಟು ವರ್ಷ ಅದೊಂದೇ ಉತ್ತರ.

ಕೊನೆಗೆ ಲೇಖನ ಒಪ್ಪಿಗೆಯಾಯಿತು. ಪುಣೆಯ ಒಂದು ಸಂಗ್ರಹಾಲಯದ ಮಿಲಿಂದ ಸರ್ ಮೀನನ್ನು ತೆಗೆದಿಡಲು ಒಪ್ಪಿದರು. ಅವರು ಧಾರವಾಡದವರೇ, ಯಾವುದೋ ಮೌಖಿಕ ಪರೀಕ್ಷೆಗೆ ಊರಿಗೆ ಬಂದಿದ್ದರು. "ಶನಿವಾರ ಮಧ್ಯಾಹ್ನ ಮನೀಗೇ ಬಂದು ತಗೊಂಡು ಹೋಗ್ತೀನ್ರಿ, ಸಂಜೀ ಗಾಡಿಗೆ ಹೊರಡಬೇಕು" ಎಂದಿದ್ದರು. ಹಿಂದಿನ ರಾತ್ರಿ ನಾನು ಹೊಸ ಚೀಟಿಯ ಮೇಲೆ ಪೆನ್ಸಿಲಿನಲ್ಲಿ ಮೀನಿನ ಹೆಸರು ಬರೆದು ಬಾಟಲಿಯೊಳಗೆ ಇಳಿಬಿಟ್ಟೆ. "ನಾಳೆ ಇದನ್ನ ಒಯ್ತಾರ್ರಿ" ಎಂದು ಅತ್ತೆಗೂ ಹೇಳಿದೆ. ಅವರು ಹೂಂ ಅಂದರು.

ಶನಿವಾರ ಅರ್ಧ ದಿನದ ಕ್ಲಾಸು ಮುಗಿಸಿ ಮನೆಗೆ ಬಂದರೆ, ಬಾಟಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬೋರಲಾಗಿತ್ತು. ಸಾಬೂನು ಹಚ್ಚಿ ತೊಳೆದದ್ದು. ಬಿಸಿಲಿಗೆ ಥಳಥಳ ಹೊಳೆಯುತ್ತಿತ್ತು.

"ಅತ್ತಿ, ಮೀನ ಎಲ್ಲೈತ್ರಿ?"

ಅತ್ತೆ ಪಡಸಾಲೆಯಲ್ಲಿ ಕೂತು ಅಕ್ಕಿ ಆರಿಸುತ್ತಿದ್ದರು. "ಮಣ್ಣ ಮಾಡೇನಿ" ಎಂದರು.

"ಏನಂದ್ರಿ?"

"ಮಣ್ಣ ಮಾಡೇನಿ ಅಂದೆ. ಅದೇನ ನಿನ್ನಿ ಮೊನ್ನಿ ಬಂದದ್ದಲ್ಲ. ಇಷ್ಟ ವರ್ಷ ನಮ್ಮ ಮನ್ಯಾಗ ಇತ್ತು. ಸತ್ತದ್ದನ್ನ ಹಂಗ ಬಾಟ್ಲ್ಯಾಗ ಊರೂರ ತಿರಗಾಕ ಕಳಸೂದು ನನಗ ಚಂದ ಕಾಣಲಿಲ್ಲ. ಅದು ಮಣ್ಣ ಕಾಣದ ಕುಂತಿತ್ತು, ಅದಕ್ಕ ನಿನಗೂ ನೆಮ್ಮದಿ ಇದ್ದಿದ್ದಿಲ್ಲ. ಛಲೋತ್ನಂಗ ಮಾಡೇನಿ. ಇಭೂತಿ ಹಚ್ಚೇನಿ, ಉಪ್ಪ ಹಾಕೇನಿ, ಪತ್ರಿ ಏರಿಸೇನಿ. ಕುಂದರಿಸೇ ಇಟ್ಟೇನಿ."

ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಕೂರಿಸಿ ಮಣ್ಣು ಕೊಡುತ್ತೇವೆ. ಆದರೆ ಮೀನನ್ನು ಹೇಗೆ ಕೂರಿಸಿದರು ಎಂದು ಆ ಗಳಿಗೆಯಲ್ಲೂ ನನ್ನ ಹಾಳು ಬುದ್ಧಿ ಕೇಳಿತು. ಅದು ಮುಖದಲ್ಲಿ ಕಂಡಿರಬೇಕು, ಅತ್ತೆ "ಬಾಲ ಕೆಳಗ ಮಾಡಿ" ಎಂದರು. ನಗಬೇಕೋ ಎದೆ ಬಡಿದುಕೊಳ್ಳಬೇಕೋ ತಿಳಿಯಲಿಲ್ಲ.

"ಎಲ್ಲಿ ಹುಗದೀರಿ? ತೋರಸ್ರಿ. ಅವರು ಈಗ ಬರ್ತಾರ್ರಿ."

"ಮಣ್ಣ ಕೊಟ್ಟದ್ದನ್ನ ಹೊಳ್ಳಿ ತಗೀಬಾರ್ದು."

ನಾನು ಹಿತ್ತಲಿಗೆ ಓಡಿದೆ. ಎರಡು ದಿನದ ಹಿಂದಷ್ಟೇ ಅತ್ತೆ ಮೆಂತ್ಯ, ಕೊತ್ತಂಬರಿ ಹಾಕುವುದಕ್ಕೆ ಹಿತ್ತಲನ್ನೆಲ್ಲ ಕೆದರಿದ್ದರು. ಎಲ್ಲಿ ನೋಡಿದರೂ ಹೊಸ ಮಣ್ಣೇ. ಕಳೆ ಕೀಳುವ ಕುರ್ಚಗಿ ಹಿಡಿದು ಒಂದು ಕಡೆ ಕೆದಕಲು ಕೂತವಳು ಅರ್ಧಕ್ಕೇ ನಿಲ್ಲಿಸಿದೆ. ಬೆರಳುದ್ದದ ಮೀನು. ಕುರ್ಚಗಿಯ ಬಾಯಿ ಒಂದು ಸಲ ತಾಗಿದರೆ ಬಾಲ ಹೋಯಿತು, ಬಾಲ ಹೋದರೆ ಸೀಳಿದ ಪಟ್ಟಿ ಹೋಯಿತು. ಕುರ್ಚಗಿ ಬಿಸಾಕಿ ಅಲ್ಲೇ ನಿಂತು ಕೂಗಾಡಿದೆ. ಮದುವೆಯಾಗಿ ಬಂದ ಮೇಲೆ ಅತ್ತೆಯ ಮೇಲೆ ಅಷ್ಟು ದೊಡ್ಡ ದನಿ ತೆಗೆದದ್ದು ಅದೇ ಮೊದಲು. ಪಕ್ಕದ ಮನೆಯ ಚಾಂದಬಿ ಗೋಡೆಯ ಮೇಲೆ ಇಣುಕಿ, ಅತ್ತೆಸೊಸೆಯ ಜಗಳ ಎಂದುಕೊಂಡು ತಲೆ ಒಳಗೆಳೆದುಕೊಂಡಳು. ಅತ್ತೆ ಅಕ್ಕಿಯ ಮೊರ ಬದಿಗಿಟ್ಟು ಕೇಳುತ್ತ ಕೂತರು. ಕೂಗಿ ಕೂಗಿ ದಣಿದು ನಾನೂ ಮೆಟ್ಟಿಲ ಮೇಲೆ ಕುಸಿದೆ. ಆಗ ನನಗೆ ಅನಿಸಿದ್ದನ್ನು ಮುಚ್ಚಿಡುವುದಿಲ್ಲ. ಹೋಗಲಿ ಬಿಡು, ಮುಗಿಯಿತಲ್ಲ, ಇನ್ನು ಯಾವ ಹೆಸರನ್ನೂ ತಿದ್ದುವುದಿಲ್ಲ ಅನಿಸಿ ಒಂದು ನಿಮಿಷ ಹಗುರಾಯಿತು. ಆ ಹಗುರಕ್ಕೇ ಹೆದರಿ ಬಾಯಿಬಿಟ್ಟೆ.

"ಅದಕ್ಕ ನಿಮ್ಮ ಹೆಸರ ಇಟ್ಟಿದ್ನಿರಿ."

"ನನ್ನ ಹೆಸರ? ಮೀನಿಗೆ?"

"ಹೂಂರಿ. ಒಳಗ ಚೀಟಿ ಇತ್ತಲ್ರಿ, ಅದರ ಮ್ಯಾಲೆ ಬರದಿದ್ದೆ."

ಅತ್ತೆ ಎದ್ದು ಹೋಗಿ ಕಟ್ಟೆಯ ಮೇಲಿಂದ ಚೀಟಿ ತಂದರು. ಅಕ್ಷರ ಇದ್ದದ್ದನ್ನು ಹುಗಿಯಬಾರದು ಎಂದು ಅದನ್ನೊಂದು ಸಣ್ಣ ಕಲ್ಲಿನ ಕೆಳಗೆ ಒಣಗಲು ಇಟ್ಟಿದ್ದರಂತೆ. ನಾನು ಬೆರಳಿಟ್ಟು ಓದಿ ಹೇಳಿದೆ. ಸ್ಕಿಸ್ಟುರಾ ಅಂದರೆ ಅದರ ಕುಲ. ಮುಂದಿನದು ಚನ್ನಬಸವ್ವ, ಅದಕ್ಕೊಂದು ಲ್ಯಾಟಿನ್ ಬಾಲ.

"ಪೂರ್ತಿ ಹೆಸರ ಬರದಿಯಲ್ಲ" ಎಂದರು. ಮುಖದಲ್ಲಿ ಸಣ್ಣಗೆ ಖುಷಿಯಿತ್ತು, ನಾನು ಕಂಡೆ. ಒಂದು ಮೀನು ತಮ್ಮ ಹೆಸರಿನದಾಗುವುದು ಮಠದವರಿಗೆ ಗೊತ್ತಾದರೆ ಹೇಗೆ ಎಂಬ ಚಿಂತೆಯೂ ಇತ್ತು. ಹದಿನೆಂಟು ವರ್ಷದ ಅತಿಥಿಗಿರಿಯಲ್ಲಿ ನಾನು ಅವರಿಗೆ ಒಂದು ಒಳ್ಳೆಯ ಇಳಕಲ್ ಸೀರೆ ತಂದುಕೊಟ್ಟಿರಲಿಲ್ಲ. ನನ್ನ ಹತ್ತಿರ ಕೊಡುವುದಕ್ಕೆ ಇದ್ದದ್ದು ಇದೊಂದೇ.

"ಹೆಸರಿಟ್ಟ ಮ್ಯಾಲೆ ಅದನ್ನ ಏನ ಮಾಡ್ತಾರ?"

"ಬಾಟ್ಲ್ಯಾಗ ಇಡ್ತಾರ್ರಿ. ಜ್ವಾಕಿ ಮಾಡ್ತಾರ. ಯಾರಿಗರ ಸಂಶೇ ಬಂದ್ರ ತಗದ ನೋಡ್ತಾರ."

"ಎಷ್ಟ ದಿನ?"

"ಯಾವಾಗ್ಲೂ ಅಲ್ಲೇ ಇರ್ತೈತ್ರಿ. ಇನ್ನೂರು ವರ್ಷದ ಹಿಂದಿನ ಮೀನ ಸುದ್ದಾ ಅದಾವ. ಹೆಸರ ಹೊತ್ತ ಮೀನನ್ನ ಕಳೀಬಾರ್ದು."

"ಮಣ್ಣ ಕೊಡಂಗೇ ಇಲ್ಲ?"

"ಇಲ್ರಿ."

ಅವರ ಖುಷಿ ಇಳಿದು ಹೋಗುವುದನ್ನು ನಾನು ಎದುರಿಗೇ ಕೂತು ನೋಡಬೇಕಾಯಿತು.

"ದಾಕ್ಷಾಯಿಣಿ, ನೀ ಪ್ರೀತಿಲೇ ಇಟ್ಟೀದಿ, ಖರೇ" ಎಂದರು. "ಆದ್ರ ನಿನ್ನ ಮಾವ ಮಣ್ಣಿಗೆ ಹೋದ್ರು. ನಮ್ಮವ್ವ ಹೋದಳು. ನಾನೂ ದಣದೇನವಾ, ಇನ್ನೇನ ನಾನೂ ಹೊಂಟಾಕಿ. ಎಲ್ಲಾರೂ ಮಣ್ಣಾಗ ತಣ್ಣಗ ಕುಂತಾಗ ನನ್ನ ಹೆಸರೊಂದ ಬಾಟ್ಲ್ಯಾಗ ಕಣ್ಣ ತಕ್ಕೊಂಡ ನಿಂತಿರಬೇಕೇನು? ಬ್ಯಾಡ. ಮೀನ ನಿನ್ನ ದುಡಿಮಿ, ಅದನ್ನ ಒಯ್ಯಲಿ. ನನ್ನ ಹೆಸರ ಇಲ್ಲೇ ಬಿಡು."

ನನಗೆ ಅಳು ಬಂತು. ಅತ್ತೆ ಅದನ್ನು ಗಮನಿಸದವರ ಹಾಗೆ ಸೆರಗು ಸಿಗಿಸಿಕೊಂಡು ಹಿತ್ತಲ ಮೂಲೆಗೆ, ಬಿಲ್ವಪತ್ರಿ ಗಿಡದ ಬುಡಕ್ಕೆ ಹೋದರು. ಕುರ್ಚಗಿ ಮುಟ್ಟಲಿಲ್ಲ. ತೊಟ್ಟಿಲಿನ ಕೂಸನ್ನು ಎಬ್ಬಿಸದೆ ಎತ್ತಿಕೊಳ್ಳುವ ಹಾಗೆ ಬರಿಗೈಯಿಂದ ಮಣ್ಣು ಸರಿಸಿದರು. ಮೊದಲು ಒಂದು ಪತ್ರಿ, ಅದರ ಕೆಳಗೆ ಉಪ್ಪು, ಆಮೇಲೆ ಮೀನು. ಬಾಲ ಕೆಳಗೆ, ತಲೆ ಮೇಲೆ. ಮೊದಲೇ ಮೈತುಂಬ ಪಟ್ಟಿ ಇದ್ದ ಮೀನು, ಅದರ ಮೇಲೆ ಅತ್ತೆಯ ಬೆರಳಿನ ವಿಭೂತಿ. "ಶಿವಾ, ತಪ್ಪಾತಪ್ಪಾ" ಎಂದು ನನ್ನ ಅಂಗೈಗೆ ಇಟ್ಟರು.

ತೊಳೆದು ಮಸೂರದ ಕೆಳಗೆ ಹಿಡಿದೆ. ಆರು ಮೀಸೆ ಇದ್ದವು. ರೆಕ್ಕೆಯ ಕಡ್ಡಿ ಒಂದೂ ಮುರಿದಿರಲಿಲ್ಲ. ಬಾಲದ ಸೀಳು ಪಟ್ಟಿ ಹಾಗೇ ಇತ್ತು. ನಾನು ಇಷ್ಟು ವರ್ಷ ಚಿಮಟದಲ್ಲಿ ಹಿಡಿದದ್ದಕ್ಕಿಂತ ಹಗುರಾಗಿ ಅವರು ಅದನ್ನು ಮಣ್ಣಿಗಿಟ್ಟಿದ್ದರು. ಹೊಸ ಸ್ಪಿರಿಟ್ ಹಾಕಿ ಬಾಟಲಿ ಮುಚ್ಚಿ ಹೊರಗೆ ಬಂದರೆ, ಅತ್ತೆ ಇನ್ನೂ ಕುಣಿಯ ಹತ್ತಿರವೇ ಕೂತಿದ್ದರು. ಚೀಟಿಯನ್ನು ಮಡಿಚಿ ಒಳಗಿಟ್ಟು, ಅದೇ ಉಪ್ಪು, ಅದೇ ಪತ್ರಿ ಹಾಕಿ ಮಣ್ಣು ಎಳೆಯುತ್ತಿದ್ದರು.

"ಅಕ್ಷರ ಹುಗೀಬಾರ್ದು ಅಂದಿದ್ರಿ."

"ಇದು ನನ್ನ ಹೆಸರು. ನನ್ನದನ್ನ ನಾ ಹುಗದ್ರ ಯಾರ ಕೇಳವ್ರು?"

ಮಿಲಿಂದ ಸರ್ ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸಿಳಿದು ಬೆವರೊರೆಸಿಕೊಳ್ಳುತ್ತ ಬಂದರು. ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದರು. "ಭಾಳ ಛಲೋ ಇಟ್ಟೀರಿ ಮೇಡಂ. ಆದ್ರ ಕಿವಿರಿನ ಹತ್ರ ಏನೋ ಬೆಳ್ಳಗ ಅದ ಅಲ್ರಿ?"

"ವಿಭೂತಿ ಇರಬೇಕ್ರಿ" ಎಂದೆ. ಅವರು ನಕ್ಕರು, ನಾನು ನಗಲಿಲ್ಲ.

"ಹೆಸರು ನೀವು ಫೋನಿನ್ಯಾಗ ಹೇಳಿದ್ದೇ ಬರಕೊಳ್ಳಲೇನ್ರಿ? ಇನ್ನೂ ಅಚ್ಚಿಗೆ ಹೋಗಿಲ್ಲ. ಒಮ್ಮೆ ಅಚ್ಚಾತು ಅಂದ್ರ ನಮ್ಮಪ್ಪ ಬಂದ್ರೂ ಬದಲ ಮಾಡಲಿಕ್ಕೆ ಬರೂದಿಲ್ಲ."

"ಅದ ಬ್ಯಾಡ್ರಿ. ಕಡಬಗೇರಿ ಹಳ್ಳದ ಹೆಸರ ಬರಕೋರಿ."

"ಯಾಕ್ರಿ?"

"ಅವರು ಒಲ್ಲೆ ಅಂದ್ರು."

"ತಮ್ಮ ಹೆಸರು ಇಡ್ರಿ ಅಂತ ದುಂಬಾಲು ಬಿದ್ದವ್ರನ್ನ ಕಂಡೀನಿ" ಎಂದು ಅವರು ಬಾಟಲಿಯನ್ನು ಟವೆಲ್ಲಿನಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡರು. "ಒಲ್ಲೆ ಅಂದವ್ರು ಇವರೇ ಮೊದಲ." ಅತ್ತೆ ಕೊಟ್ಟ ಚಹಾ ಕುಡಿದು ಲಗುಬಗೆಯಿಂದ ಹೊರಟರು.

ಮಾಡ ಖಾಲಿಯಾಯಿತು. ಬಾಟಲಿ ಇದ್ದಲ್ಲಿ ಒಂದು ಗುಂಡನೆಯ ಕಲೆ ಉಳಿದಿತ್ತು. ಮನೆಯಿಂದ ಯಾರೋ ಹೋದಂತೆಯೇ ಅನಿಸಿತು. ಲೇಖನ ಬರುತ್ತದೆ, ಕೆಳಗೆ ನನ್ನ ಹೆಸರೂ ಬರುತ್ತದೆ, ಸೋಮವಾರ ಮತ್ತೆ ಅದೇ ಕ್ಲಾಸಿಗೆ ಅತಿಥಿಯಾಗಿ ಹೋಗಬೇಕು. ಗೆದ್ದೆ ಅನಿಸಲಿಲ್ಲ. ರೂಢಿಯಂತೆ ಜಳಕಕ್ಕೆಂದು ಬಚ್ಚಲಮನೆಗೆ ಹೋದರೆ ಹಂಡೆಯ ತುಂಬ ನೀರು ಕಾದಿತ್ತು, ಹೊರಗೆ ಎರಡು ಬಕೆಟ್ ಇದ್ದವು.

"ಇವತ್ತ ನಾನೂ ಮಾಡಬೇಕು" ಎಂದರು ಅತ್ತೆ. "ಮಣ್ಣಿಗೆ ಹೋಗಿ ಬಂದಂಗಾತು." ನಮ್ಮವರಿಗೆ ಸೂತಕವಿಲ್ಲ ಎಂದು ಮಂದಿಗೆ ಹೇಳುವವರೂ ಅವರೇ, ನೀರು ಕಾಯಿಸುವವರೂ ಅವರೇ.

ಬಕೆಟ್ಟಿಗೆ ನೀರು ಸುರುವುತ್ತ ಕೇಳಿದರು. "ಕಡೀಕ ಯಾರ ಹೆಸರ ಇಟ್ಟಿ?"

"ಹಳ್ಳದ್ದರಿ."

"ಆ ಹಳ್ಳ ಈಗ ಐತೇನು?"

"ಎಲ್ಲೀದ್ರಿ. ರಸ್ತಾ ಮಾಡಾಕ ಮಣ್ಣ ಹಾಕಿ ಮುಚ್ಚ್ಯಾರ."

ಅತ್ತೆ ತಂಬಿಗೆ ಕೆಳಗಿಟ್ಟರು. ಮಧ್ಯಾಹ್ನದಿಂದ ಬಿಗಿದಿದ್ದ ಅವರ ಮುಖ ಸಡಿಲಾಯಿತು.

"ಹಂಗಾದ್ರ ಅದರದೇನ ಚಿಂತಿಲ್ಲ ಬಿಡು" ಎಂದರು. "ಅದಕ್ಕ ಮೊದಲೇ ಮಣ್ಣ ಸಿಕ್ಕೇತಿ. ಲಗೂ ಮೈಮ್ಯಾಲೆ ಹಾಕ್ಕೋ, ನೀರ ಆರತಾವ."