ಅಕ್ಕ ಹಿಡಿದ ಬಟ್ಟಲು

ಅಕ್ಕ ಕಾರನ್ನು ಹಿಂದಕ್ಕೆ ತೆಗೆಯುವಾಗ ಅವಳದೇ ನಾಯಿ ಚಕ್ರಕ್ಕೆ ಸಿಕ್ಕಿ ಮುಂಗಾಲು ಮುರಿದುಕೊಂಡಿತ್ತು. ತಂಗಿ ನಾಯಿಗಳ ಡಾಕ್ಟರು. ಪ್ಲೇಟಿಟ್ಟು ಸ್ಕ್ರೂ ಬಿಗಿದು ನೋಡಿದಳು. ಜಪ್ಪಯ್ಯ ಅಂದರೂ ಮೂಳೆ ಕೂಡಲಿಲ್ಲ. ಎಕ್ಸ್‌ರೇಯಲ್ಲಿ ನಡುವೆ ಬೆರಳಗಲ ಖಾಲಿ. ಉಳಿದದ್ದು ಒಂದೇ ದಾರಿ: ಅದೇ ಕಾಲಿನ ಭುಜದ ಮೂಳೆಯೊಳಗಿನ ಮೆತ್ತನೆಯ ತಿರುಳನ್ನು ಕೆರೆದು ಆ ಖಾಲಿಗೆ ತುಂಬುವುದು. ಅದೂ ಕೈಕೊಟ್ಟರೆ ಕಾಲನ್ನೇ ತೆಗೆಯಬೇಕು.

"ಒಳ್ಳೆ ಮುಂಗಾಲಿನ ತಂಟೆಗೆ ಮಾತ್ರ ಹೋಗ್ಬೇಡ ಕಣೇ," ಎಂದಿದ್ದಳು ಅಕ್ಕ. "ಅದೊಂದಾದ್ರೂ ನೆಟ್ಟಗಿರಲಿ."

"ಇಲ್ಲ ಅಕ್ಕ, ಮುಟ್ಟಲ್ಲ."

ಎಲುಬಿಲ್ಲದ ನಾಲಿಗೆ, ಮಾತು ಕೊಟ್ಟುಬಿಟ್ಟಿತು.

ಆಪರೇಷನ್ನಿನ ದಿನ ಭುಜದಿಂದ ತಿರುಳು ಸಲೀಸಾಗಿ ಬಂತು, ಕೆಂಪಗೆ, ಒದ್ದೆ ಮರದ ಪುಡಿಯಂತೆ. ಒಣಗಿದರೆ ಅದರ ಜೀವ ಹೋಗುತ್ತದೆ. ಹಾಗಾಗಿ ನಾಯಿಯದೇ ರಕ್ತದಲ್ಲಿ ತೋಯಿಸಿದ ಬಟ್ಟೆಯಲ್ಲಿ ಸುತ್ತಿ ಬಟ್ಟಲಲ್ಲಿಟ್ಟಳು; ಆ ಕೆಲಸದವರೆಲ್ಲ ಮಾಡುವುದೂ ಹಾಗೆಯೇ. ಆಮೇಲೆ ಮುರಿದ ಜಾಗವನ್ನು ಬಿಡಿಸಿದಾಗ ರಕ್ತ ಚಿಮ್ಮಿತು. ಒತ್ತಿದಳು, ಒರೆಸಿದಳು, ಒರೆಸಿದ ಬಟ್ಟೆಗಳನ್ನು ಗಡಿಬಿಡಿಯಲ್ಲಿ ಅದೇ ಬಟ್ಟಲಿಗೆ ಹಾಕಿದಳು. ಬಟ್ಟಲು ತುಂಬಿತೆಂದು ಕಸದ ಬಕೆಟ್ಟಿಗೆ ಸುರಿದಳು.

ತಿರುಳಿಗೆಂದು ಕೈ ಚಾಚಿದಾಗ ಬಟ್ಟಲು ಬರಿದು. ಒರೆಸಿದ ಬಟ್ಟೆಗಳ ಜೊತೆ ಅದೂ ಬಕೆಟ್ಟಿಗೆ ಹೋಗಿತ್ತು. ಬಕೆಟ್ಟಿನ ಕೊಳೆ ತಾಗಿದ್ದನ್ನು ಮತ್ತೆ ಮೈಯೊಳಗೆ ಸೇರಿಸಿದರೆ ಕೀವು ಕಟ್ಟಿಟ್ಟ ಬುತ್ತಿ. ಕೆರೆದ ಭುಜದಲ್ಲಿ ಇನ್ನು ತಿರುಳು ಉಳಿದಿರಲಿಲ್ಲ.

ಅರಿವಳಿಕೆ ಕೊಡುತ್ತಿದ್ದ ನರ್ಸು ಮೆಲ್ಲಗೆ ಅಂದಳು: "ಮೇಡಂ, ಆ ಕಡೆ ಭುಜದಿಂದ ತೆಗೆದ್ಬಿಡಿ. ಈ ಕಡೇದು ಸಾಕಾಗ್ಲಿಲ್ಲ ಅಂದ್ರಾಯ್ತು. ಯಾರಿಗೆ ಗೊತ್ತಾಗತ್ತೆ?"

ನಿಜಕ್ಕೂ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅದೇ ತಂಗಿಗೆ ಹೆದರಿಕೆ ಹುಟ್ಟಿಸಿತು. ಅಕ್ಕ ತನ್ನ ತಪ್ಪನ್ನು ಯಾರ ತಲೆಗೂ ಕಟ್ಟಿದವಳಲ್ಲ. ನಡುಬೀದಿಯಲ್ಲಿ ಕೂತು "ನಾನೇ ಹತ್ತಿಸ್ದೆ" ಎಂದು ಅತ್ತವಳು. ತಂಗಿ ರಕ್ತದ ಗ್ಲೌಸಿನಲ್ಲೇ ಹೊರಗೆ ಬಂದಳು.

"ಅಕ್ಕ, ತೆಗೆದಿಟ್ಟಿದ್ದ ತಿರುಳನ್ನ ಕಸ ಅಂತ ನಾನೇ ಎಸೆದ್ಬಿಟ್ಟೆ. ಈಗ ಒಳ್ಳೆ ಕಾಲಿನ ಭುಜಾನೇ ಕೊರೀಬೇಕು. ನೀನು ಬೇಡ ಅಂದ್ರೆ ಗಾಯ ಹೊಲಿದ್ಬಿಡ್ತೀನಿ. ಆದ್ರೆ ಮುರಿದ ಕಾಲು ಉಳಿಯಲ್ಲ."

ಅಕ್ಕ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಎದ್ದು, ಅಂಗಿಯ ತೋಳು ಮೇಲಕ್ಕೆ ಮಡಚಿದಳು.

"ಕೈ ಹೇಗೆ ತೊಳ್ಕೋಬೇಕು ಹೇಳು. ಈ ಸಲ ಬಟ್ಟಲು ನಾನು ಹಿಡ್ಕೋತೀನಿ."

ತಂಗಿ ಹೊಸ ಗ್ಲೌಸು ತೊಟ್ಟು ಒಳ್ಳೆಯ ಭುಜದ ಚರ್ಮ ಸೀಳಿದಾಗ ಅಕ್ಕ ಹಿಡಿದ ಬಟ್ಟಲು ಅಲುಗಲಿಲ್ಲ. ತಿರುಳು ಚೂರುಚೂರಾಗಿ ಬಂದು ಬೀಳುವಷ್ಟು ಹೊತ್ತೂ ಅವಳು ಅದನ್ನೇ ನೋಡುತ್ತಿದ್ದಳು. ತಂಗಿಯ ಮುಖವನ್ನು ಒಮ್ಮೆಯೂ ನೋಡಲಿಲ್ಲ.